ಗಡಿಗೆಯ ಮಣಿಗಳೂ ಜಾಲತಾಣದ ಕೀರ್ತಿಯೂ

ಒಬ್ಬ ತರುಣನನ್ನು ಸಾಮಾಜಿಕ ಜಾಲತಾಣದಲ್ಲಿ 20 ಲಕ್ಷ ಜನ ಹಿಂಬಾಲಿಸುತ್ತಾರೆಂದೂ, ಅದೇ ಬಗೆಯ ವಿಡಿಯೋಗಳನ್ನು ಮಾಡುವ ಮತ್ತೊಬ್ಬನನ್ನು 200 ಜನ ಮಾತ್ರ ಹಿಂಬಾಲಿಸುತ್ತಾರೆಂದೂ ಇಟ್ಟುಕೊಳ್ಳೋಣ. ಮೊದಲನೆಯವನು ಎರಡನೆಯವನಿಗಿಂತ 10,000 ಪಾಲು ಹೆಚ್ಚು ಪ್ರತಿಭಾವಂತನೆ? ಹಾಗೆಂದು ಬಾಯಿಬಿಟ್ಟು ಯಾರೂ ಹೇಳಲಾರರು. ಆದರೆ ನಮ್ಮ ನಡವಳಿಕೆ ಬಹುಮಟ್ಟಿಗೆ ಹಾಗೆಯೇ ಇರುವುದು. ಅವನು ಹೊಗಳಿದ ಎಣ್ಣೆಯನ್ನು ತಲೆಗೆ ಹಚ್ಚುತ್ತೇವೆ, ಅವನು ಸೂಚಿಸಿದ ಷೇರನ್ನು ಕೊಳ್ಳುತ್ತೇವೆ, ಅವನು ಹೇಳಿದ ಪಥ್ಯವನ್ನು ಹಿಡಿಯುತ್ತೇವೆ. ಅವನಂತೆ ಆಗುವುದೇ ಬದುಕಿನ ಸಾರ್ಥಕ್ಯವೆಂದು ಬಗೆಯುವ ವಿದ್ಯಾರ್ಥಿಗಳೂ ಇಲ್ಲದಿಲ್ಲ. ಆದುದರಿಂದ ಇಂಥ ದೊಡ್ಡ ಸಂಖ್ಯೆಗಳು ಹೇಗೆ ಹುಟ್ಟುವುವೆಂಬುದನ್ನು ಕೊಂಚ ವಿಚಾರಿಸುವುದು ಯುಕ್ತವಾದೀತು.

ಇದಕ್ಕೆ ಒಂದು ಗಡಿಗೆಯೂ ಎರಡು ಬಣ್ಣದ ಮಣಿಗಳೂ ಸಾಕು. ಗಡಿಗೆಯಲ್ಲಿ ಒಂದು ಕೆಂಪು ಮಣಿಯನ್ನೂ ಒಂದು ಬಿಳಿ ಮಣಿಯನ್ನೂ ಹಾಕಿರಿ. ಕಣ್ಣುಮುಚ್ಚಿ ಒಂದನ್ನು ತೆಗೆಯಿರಿ. ಬಂದ ಮಣಿಯನ್ನು ಗಡಿಗೆಗೆ ಮರಳಿ ಹಾಕಿ, ಅದೇ ಬಣ್ಣದ ಇನ್ನೊಂದನ್ನೂ ಜೊತೆಗೆ ಹಾಕಿರಿ. ಹೀಗೆಯೇ ಮುಂದುವರಿಸಿರಿ. ಮೊದಲ ಸಲ ಎರಡು ಬಣ್ಣಗಳಿಗೂ ಸಮಾನ ಅವಕಾಶವಿತ್ತು. ಕೆಂಪು ಬಂದಿತೆನ್ನೋಣ, ಈಗ ಗಡಿಗೆಯಲ್ಲಿ ಎರಡು ಕೆಂಪು, ಒಂದು ಬಿಳಿ. ಎರಡನೆಯ ಸಲವೂ ಕೆಂಪೇ ಬರುವ ಸಂಭವ 2/3. ಬಂದರೆ ಮೂರನೆಯ ಸಲ ಅದು 3/4. ಕೆಂಪು ಮಣಿಯಲ್ಲಿ ಹೆಚ್ಚುಗಾರಿಕೆ ಏನೂ ಇಲ್ಲ; ಅದು ಮೊದಲು ಕೈಗೆ ಸಿಕ್ಕಿತು, ಅಷ್ಟೆ. ಗಣಿತಜ್ಞ ಜಾರ್ಜ್ ಪೋಲ್ಯಾ ಅವರ ಹೆಸರಿನಿಂದ ಪ್ರಸಿದ್ಧವಾದ ಗಡಿಗೆ ಇದು. 1923ರಲ್ಲಿ ಅವರೂ ಎಗೆನ್‌ಬರ್ಗರ್ ಅವರೂ ಇದರ ಗಣಿತವನ್ನು ಪ್ರಕಟಿಸಿದರು.

ನಾಣ್ಯವನ್ನು 100 ಸಲ ಚಿಮ್ಮಿದರೆ 90 ಸಲ ಒಂದೇ ಮುಖ ಬೀಳುವುದನ್ನು ನಾವು ಆಯುಷ್ಯದಲ್ಲಿ ಕಾಣಲಾರೆವು. ಗಡಿಗೆಯಲ್ಲಾದರೋ 100 ಸಲ ತೆಗೆದಾಗ ಕೆಂಪು ಮಣಿ ಬರುವ ಸಂಖ್ಯೆ 0 ಆಗಲಿ, 50 ಆಗಲಿ, 100 ಆಗಲಿ, ಎಲ್ಲಕ್ಕೂ ಸಂಭವ ಒಂದೇ, 1/101. ಯಾವುದಾದರೊಂದು ಬಣ್ಣ 90 ಅಥವಾ ಅದಕ್ಕೂ ಹೆಚ್ಚು ಸಲ ಬರುವ ಸಂಭವ 22/101. ಎಂದರೆ ಐದು ಮಂದಿ ಈ ಪ್ರಯೋಗ ಮಾಡಿದರೆ ಅವರಲ್ಲಿ ಸುಮಾರು ಒಬ್ಬನಿಗೆ ಒಂದು ಬಣ್ಣದ ‘ಮಹಾಕೀರ್ತಿ’ ಕಾಣಿಸಿಕೊಳ್ಳುವುದು. ಅದಕ್ಕೆ ಕಾರಣವನ್ನು ಅವನು ಆ ಬಣ್ಣದಲ್ಲಿ ಹುಡುಕಿದರೆ ಸಿಕ್ಕೀತೆ?

ಜಾಲತಾಣಗಳು ಯಾವ ವಿಡಿಯೋವನ್ನು ಯಾರ ಮುಂದೆ ಇಡಬೇಕೆಂಬ ಲೆಕ್ಕವನ್ನು ಪೂರ್ತಿಯಾಗಿ ಬಯಲು ಮಾಡುವುದಿಲ್ಲ. ಆದರೂ ಹೆಚ್ಚು ಜನ ನೋಡಿ ಮೆಚ್ಚಿದುದನ್ನು ಮತ್ತಷ್ಟು ಜನರಿಗೆ ತೋರಿಸುವುದು ಅದರಲ್ಲಿ ಮುಖ್ಯವಾದ ಸೂತ್ರ. ಇದು ಗಡಿಗೆಗೆ ಅದೇ ಬಣ್ಣದ ಮಣಿಯನ್ನು ಸೇರಿಸಿದಂತೆಯೇ ಸರಿ. ಊರ ಜಾತ್ರೆಯಲ್ಲಿ ಮೈಕಿನ ಬಳಿಯೇ ಧ್ವನಿವರ್ಧಕವನ್ನು ಇಟ್ಟಾಗ ಏಳುವ ಕಿರಿಚನ್ನು ಎಲ್ಲರೂ ಕೇಳಿದ್ದಾರೆ. ಒಂದು ಸಣ್ಣ ಸದ್ದು ಮೈಕಿನಿಂದ ಧ್ವನಿವರ್ಧಕಕ್ಕೂ, ಅಲ್ಲಿಂದ ಮತ್ತೆ ಮೈಕಿಗೂ ಸುತ್ತುತ್ತ ಕಿವಿಗಡಚಿಕ್ಕುವಷ್ಟಾಗುತ್ತದೆ. ಆ ಕಿರಿಚಿನಲ್ಲಿ ಭಾಷಣಕಾರರ ಪಾಂಡಿತ್ಯದ ಪಾಲೇನೂ ಇರುವುದಿಲ್ಲ!

ಮನುಷ್ಯರು ಮಣಿಗಳಲ್ಲ, ಅವರಿಗೆ ಅಭಿರುಚಿಯುಂಟು ಎಂದು ಯಾರಾದರೂ ಆಕ್ಷೇಪಿಸಬಹುದು. ಆಕ್ಷೇಪ ನ್ಯಾಯವಾದುದೇ. ಅಮೆರಿಕದ ಕೊಲಂಬಿಯ ವಿಶ್ವವಿದ್ಯಾಲಯದ ಸಾಲ್ಗನಿಕ್, ಡಾಡ್ಸ್, ವಾಟ್ಸ್ ಎಂಬ ಮೂವರು ಇದನ್ನೇ ಪರೀಕ್ಷಿಸಿ 2006ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಅಷ್ಟಾಗಿ ಹೆಸರಿಲ್ಲದ ತಂಡಗಳ 48 ಹಾಡುಗಳನ್ನು ಅಂತರ್ಜಾಲದಲ್ಲಿಟ್ಟು, 14,000ಕ್ಕೂ ಹೆಚ್ಚು ಮಂದಿಗೆ, ಕೇಳಿ ಮೆಚ್ಚಿದುದನ್ನು ಇಳಿಸಿಕೊಳ್ಳಲು ಅವಕಾಶ ಕೊಟ್ಟರು. ಒಂದು ಗುಂಪಿಗೆ ತಂಡಗಳ ಮತ್ತು ಹಾಡುಗಳ ಹೆಸರು ಮಾತ್ರ ಕಾಣುತ್ತಿತ್ತು. ಮಿಕ್ಕವರನ್ನು ಎಂಟು ಪ್ರತ್ಯೇಕ ‘ಲೋಕ’ಗಳಾಗಿ ವಿಂಗಡಿಸಿ, ಆಯಾ ಲೋಕದಲ್ಲಿ ಯಾವ ಹಾಡನ್ನು ಎಷ್ಟು ಮಂದಿ ಇಳಿಸಿಕೊಂಡರೆಂಬ ಸಂಖ್ಯೆಯನ್ನೂ ತೋರಿಸಿದರು. ಸಂಖ್ಯೆ ಕಂಡ ಲೋಕಗಳಲ್ಲಿ ಗೆದ್ದ ಹಾಡುಗಳಿಗೂ ಸೋತ ಹಾಡುಗಳಿಗೂ ನಡುವಣ ಅಂತರ ಬಹಳ ಹಿಗ್ಗಿತು. ಅದಕ್ಕಿಂತ ಸ್ವಾರಸ್ಯವಾದುದು, ಗೆದ್ದ ಹಾಡು ಎಲ್ಲ ಲೋಕಗಳಲ್ಲಿಯೂ ಒಂದೇ ಆಗಿರಲಿಲ್ಲ. ಸಂಖ್ಯೆ ಕಾಣದ ಗುಂಪಿನಲ್ಲಿ 26ನೆಯ ಸ್ಥಾನದಲ್ಲಿದ್ದ ಒಂದು ಹಾಡು ಒಂದು ಲೋಕದಲ್ಲಿ ಮೊದಲನೆಯದಾಯಿತು, ಇನ್ನೊಂದರಲ್ಲಿ 40ನೆಯದಾಯಿತು. ಅತ್ಯುತ್ತಮವಾದುವು ತೀರ ಕೆಳಗಿಳಿದದ್ದು ಅಪರೂಪ. ತೀರ ಕಳಪೆಯಾದುವು ಮೇಲೇರಿದ್ದೂ ಅಪರೂಪ. ಯೋಗ್ಯತೆಗೆ ಬೆಲೆಯೇ ಇಲ್ಲವೆನ್ನುವಂತಿಲ್ಲ. ಆದರೆ ನಮ್ಮಲ್ಲಿ ಬಹುಪಾಲಿನವರು ಇರುವ ಆ ವಿಶಾಲವಾದ ನಡುಜಾಗದಲ್ಲಿ ಅದೃಷ್ಟದ್ದೇ ದರ್ಬಾರು.

ಸಾಲ್ಗನಿಕ್ ಮತ್ತು ವಾಟ್ಸ್ 2008ರಲ್ಲಿ ಇನ್ನೂ ಮುಂದೆ ಹೋದರು. ಸಂಖ್ಯೆಗಳನ್ನು ತಲೆಕೆಳಗು ಮಾಡಿ, ಕೊನೆಯ ಹಾಡನ್ನು ಮೊದಲನೆಯದೆಂದು ತೋರಿಸಿದರು. ಅನೇಕ ಹಾಡುಗಳ ಸುಳ್ಳು ಕೀರ್ತಿ ತಾನಾಗಿಯೇ ನಿಜವಾಗತೊಡಗಿತು. ಕಾಲಕ್ರಮದಲ್ಲಿ ಕೆಲವು ಒಳ್ಳೆಯ ಹಾಡುಗಳು ಮಾತ್ರ ಮತ್ತೆ ಮೇಲಕ್ಕೆ ಬಂದುವು. ಹಣ ಕೊಟ್ಟು ಹುಸಿ ಹಿಂಬಾಲಕರನ್ನು ಕೊಳ್ಳುವ ವ್ಯಾಪಾರ ಏಕೆ ನಡೆಯುವುದೆಂಬುದು ಇದರಿಂದ ತಿಳಿಯುತ್ತದೆ.

ಹಾಡಿನ ವಿಷಯದಲ್ಲಾದರೆ ನಷ್ಟ ಅಲ್ಪ. ಸಂಖ್ಯೆಯನ್ನು ಜ್ಞಾನದ ಪ್ರಮಾಣಪತ್ರವೆಂದು ತಿಳಿದಾಗಲೇ ಅಪಾಯ. ಆಸ್ಟ್ರೇಲಿಯದ ಬೆಲ್ ಗಿಬ್ಸನ್ ಎಂಬಾಕೆ ತನಗೆ ಮೆದುಳಿನ ಕ್ಯಾನ್ಸರ್ ಇದೆಯೆಂದೂ, ಆಹಾರಕ್ರಮದಿಂದಲೇ ಅದನ್ನು ಎದುರಿಸುತ್ತಿರುವೆನೆಂದೂ ಇನ್‌ಸ್ಟಾಗ್ರಾಂನಲ್ಲಿ ಹೇಳಿಕೊಂಡು ಅಪಾರ ಹಿಂಬಾಲಕರನ್ನು ಗಳಿಸಿದಳು. 2013ರಲ್ಲಿ ಆಕೆಯ ಆ್ಯಪ್ ಬಂದಿತು. ಮರುವರ್ಷ ಅಡುಗೆಯ ಪುಸ್ತಕವೂ ಬಂದಿತು. 2015ರಲ್ಲಿ ಆಕೆಯೇ ಎಲ್ಲವೂ ಸುಳ್ಳೆಂದು ಒಪ್ಪಿಕೊಂಡಳು. ಆಕೆಗೆ ಕ್ಯಾನ್ಸರ್ ಇರಲೇ ಇಲ್ಲ. 2017ರಲ್ಲಿ ಅಲ್ಲಿನ ಫೆಡರಲ್ ನ್ಯಾಯಾಲಯ 4,10,000 ಆಸ್ಟ್ರೇಲಿಯನ್ ಡಾಲರುಗಳ ದಂಡ ವಿಧಿಸಿತು. ಅದೂ ಮಾರಾಟದ ಹಣವನ್ನು ದಾನ ಕೊಡುವೆನೆಂದು ಹೇಳಿ ಕೊಡದಿದ್ದ ವಿಷಯದಲ್ಲಿ. ನಿಜವಾದ ರೋಗಿಗಳು ಆಕೆಯ ಮಾತನ್ನು ನಂಬಿ ಕಳೆದುಕೊಂಡ ದಿನಗಳಿಗೆ ದಂಡ ಕಟ್ಟುವವರು ಯಾರು?

ಇಷ್ಟು ಜನ ನಂಬಿದುದೇಕೆ? ಹಾರ್ಟನ್ ಮತ್ತು ವೋಲ್ ಎಂಬ ವಿದ್ವಾಂಸರು 1956ರಷ್ಟು ಹಿಂದೆಯೇ, ರೇಡಿಯೋ ಟೆಲಿವಿಷನ್‌ಗಳನ್ನು ಕುರಿತು ಬರೆಯುತ್ತ, ಕೇಳುಗನಿಗೂ ನಟನಿಗೂ ನಡುವೆ ಹುಟ್ಟುವ ಒಮ್ಮುಖದ ಸ್ನೇಹವನ್ನು ವಿವರಿಸಿದ್ದರು. ನಮಗೆ ಅವರ ಅಡುಗೆಮನೆ, ಮಗುವಿನ ಹೆಸರು, ತಲೆನೋವು ಎಲ್ಲ ಗೊತ್ತು. ಅವರಿಗೆ ನಾವು ಇರುವುದೇ ಗೊತ್ತಿಲ್ಲ. ಮೊಬೈಲು ಈ ಸ್ನೇಹವನ್ನು ಅಂಗೈಗೆ ತಂದಿದೆ. ಸ್ನೇಹಿತರ ಮಾತಿಗೆ ಸಾಕ್ಷ್ಯ ಕೇಳುವುದು ನಮಗೆ ರೂಢಿಯಿಲ್ಲ.

ನಮ್ಮ ದೇಶದಲ್ಲಿ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಜನವರಿಯಲ್ಲಿ ಇಂಥವರಿಗಾಗಿ ಮಾರ್ಗಸೂಚಿಯನ್ನು ಹೊರಡಿಸಿತು. ಹಣವನ್ನೋ ಉಡುಗೊರೆಯನ್ನೋ ಪಡೆದು ವಸ್ತುವನ್ನು ಹೊಗಳಿದರೆ ಅದನ್ನು ಎದ್ದುಕಾಣುವಂತೆ ತಿಳಿಸಬೇಕು. ವಿಡಿಯೋ ಆದರೆ ಬರಹದಲ್ಲಿಯೂ ಮಾತಿನಲ್ಲಿಯೂ ತಿಳಿಸಬೇಕು. ಹೊಗಳಿಕೆ ಯಾವ ಭಾಷೆಯಲ್ಲಿದೆಯೋ ಆ ಭಾಷೆಯಲ್ಲಿಯೇ ತಿಳಿಸಬೇಕು. ಕನ್ನಡದಲ್ಲಿ ಹೊಗಳಿದ ಸಾಬೂನಿಗೆ ಕನ್ನಡದಲ್ಲಿಯೇ ‘ಇದು ಜಾಹೀರಾತು’ ಎನ್ನಬೇಕು. ದಾರಿತಪ್ಪಿಸುವ ಜಾಹೀರಾತಿಗೆ 10 ಲಕ್ಷ ರೂಪಾಯಿಗಳವರೆಗೆ, ಮರುಕಳಿಸಿದರೆ 50 ಲಕ್ಷದವರೆಗೆ ದಂಡವುಂಟು. ಓದುಗರು ಇಂದು ಸಂಜೆ ತಾವು ನೋಡುವ ವಿಡಿಯೋಗಳಲ್ಲಿ ವಸ್ತುವಿನ ಹೊಗಳಿಕೆ ಎಷ್ಟರಲ್ಲಿದೆ, ಆ ಮಾತು ಎಷ್ಟರಲ್ಲಿದೆ ಎಂದು ಎರಡು ಸಾಲಾಗಿ ಗೀಟು ಹಾಕಿ ಎಣಿಸಿ ನೋಡಬಹುದು. ಗಡಿಗೆಯ ಪ್ರಯೋಗಕ್ಕಿಂತ ಇದು ಸುಲಭ.