ಯಂತ್ರದೊಳಗೊಂದು ಯಂತ್ರ

1978ರಲ್ಲಿ ಜಪಾನಿನ ಟೈಟೊ ಕಂಪನಿಯವರು ‘ಸ್ಪೇಸ್ ಇನ್‌ವೇಡರ್ಸ್’ ಎಂಬ ಆಟದ ಯಂತ್ರವನ್ನು ಹೊರತಂದರು. ಆಳೆತ್ತರದ ಪೆಟ್ಟಿಗೆ, ಅದರೊಳಗೆ ಟೆಲಿವಿಷನ್ನಿನ ಪರದೆ, ಮುಂಬದಿಯಲ್ಲಿ ನಾಣ್ಯ ಹಾಕುವ ಸೀಳು ಮತ್ತು ಕೆಲವು ಗುಂಡಿಗಳು. ನಾಣ್ಯ ಹಾಕಿದೊಡನೆ, ಸಾಲಿಗೆ 11ರಂತೆ 5 ಸಾಲುಗಳಲ್ಲಿ ನಿಂತ 55 ಅನ್ಯಲೋಕದ ಜೀವಿಗಳು ಅತ್ತಿಂದಿತ್ತ ಸರಿಯುತ್ತ, ಪರದೆಯ ಅಂಚು ಮುಟ್ಟಿದಾಗಲೆಲ್ಲ ಒಂದು ಮೆಟ್ಟಿಲು ಕೆಳಗಿಳಿಯುತ್ತವೆ. ಆಟಗಾರನು ಕೆಳಗಿನಿಂದ ಗುಂಡು ಹಾರಿಸಿ ಅವನ್ನು ಉರುಳಿಸಬೇಕು. ಉರುಳಿಸಿದಷ್ಟೂ ಉಳಿದವುಗಳ ವೇಗ ಹೆಚ್ಚುತ್ತದೆ. ಕಟ್ಟಕಡೆಯದನ್ನು ಹೊಡೆಯುವುದು ಬಹು ಪ್ರಯಾಸದ ಕೆಲಸ.

ಈ ವೇಗ ಎಲ್ಲಿಂದ ಬಂದಿತು? ಯಂತ್ರದ ಬಡತನದಿಂದ ಎಂದರೆ ವಾಚಕರಿಗೆ ಆಶ್ಚರ್ಯವಾದೀತು. ಅದರಲ್ಲಿದ್ದ ಇಂಟೆಲ್ 8080 ಎಂಬ ಪ್ರೊಸೆಸರ್ ಸೆಕೆಂಡಿಗೆ ಸುಮಾರು 20 ಲಕ್ಷ ಮಿಡಿತಗಳಲ್ಲಿ ಕೆಲಸ ಮಾಡುವಂಥದು. ಪರದೆಯ ಚಿತ್ರ ಸೆಕೆಂಡಿಗೆ 60 ಸಲ ಮೂಡುತ್ತದೆ. ಒಂದು ಚಿತ್ರ ಮೂಡುವಷ್ಟರಲ್ಲಿ ಎಲ್ಲ ಜೀವಿಗಳನ್ನೂ ಸರಿಸುವ ಶಕ್ತಿ ಅದಕ್ಕಿಲ್ಲ. ಸಲಕ್ಕೆ ಒಂದನ್ನು ಮಾತ್ರ ಸರಿಸುತ್ತದೆ. ಆದುದರಿಂದ 55 ಜೀವಿಗಳಿದ್ದಾಗ ಇಡೀ ದಂಡು ಒಂದು ಹೆಜ್ಜೆಯಿಡಲು 60ರಲ್ಲಿ 55 ಪಾಲು ಸೆಕೆಂಡು ಬೇಕು. ಹತ್ತೇ ಉಳಿದಾಗ ಸೆಕೆಂಡಿನ ಆರನೆಯ ಒಂದು ಭಾಗ ಸಾಕು. ಆಟವನ್ನು ರಚಿಸಿದ ತೊಮೊಹಿರೊ ನಿಶಿಕಾದೊ ಅವರು ಇದನ್ನು ಗಮನಿಸಿದರು; ದೋಷವೆಂದು ತಿದ್ದದೆ ಹಾಗೆಯೇ ಬಿಟ್ಟರು. ಆಟದ ಜೀವಾಳವೇ ಅದಾಯಿತು.

ಇಂತಹ ಯಂತ್ರಗಳು ಈಗ ಮುಪ್ಪಿನಲ್ಲಿವೆ. ಆ ಕಾಲದ ಅನೇಕ ಯಂತ್ರಗಳಲ್ಲಿ ಕ್ರಮವಿಧಿಯನ್ನು, ಅಂದರೆ ಯಂತ್ರಕ್ಕೆ ಕೊಡುವ ಆದೇಶಗಳ ಸರಣಿಯನ್ನು, ಅತಿನೇರಳೆ ಕಿರಣದಿಂದ ಅಳಿಸಿ ಮತ್ತೆ ಬರೆಯಬಹುದಾದ ಚಿಪ್ಪುಗಳಲ್ಲಿ ತುಂಬಿರುತ್ತಿದ್ದರು. ಅಲ್ಲಿ ಬರಹವೆಂದರೆ ಸೂಕ್ಷ್ಮ ಕೋಶಗಳಲ್ಲಿ ಸೆರೆಯಾದ ವಿದ್ಯುದಾವೇಶ. ದಶಕಗಳು ಕಳೆದಂತೆ ಅದು ಮೆಲ್ಲಮೆಲ್ಲನೆ ಸೋರಿಹೋಗುತ್ತದೆ. ಒಂದು ಕೋಶ ಬರಿದಾದರೂ ಆಟ ಕೆಟ್ಟೀತು.

ತಾಳೆಗರಿಯ ಗ್ರಂಥ ಶಿಥಿಲವಾದರೆ ನಮ್ಮ ಹಿರಿಯರು ಹೊಸ ಗರಿಗೆ ಪ್ರತಿ ಮಾಡಿಕೊಳ್ಳುತ್ತಿದ್ದರು. ಚಿಪ್ಪಿನ ಬರಹವನ್ನೂ ಹಾಗೆಯೇ ಓದಿ ಪ್ರತಿ ತೆಗೆಯಬಹುದು. ಸ್ಪೇಸ್ ಇನ್‌ವೇಡರ್ಸ್ ಆಟದ ಕ್ರಮವಿಧಿಯೂ ಚಿತ್ರಗಳೂ ಸೇರಿ ಕೇವಲ 8,192 ಬೈಟುಗಳು. ವಾಚಕರು ಓದುತ್ತಿರುವ ಈ ಲೇಖನವನ್ನು ಗಣಕದಲ್ಲಿ ಇರಿಸಲೂ ಅದಕ್ಕಿಂತ ಹೆಚ್ಚಿನ ಸ್ಥಳ ಬೇಕು! ಆದರೆ ತಾಳೆಗರಿಯನ್ನು ಅಕ್ಷರ ಬಲ್ಲ ಯಾರೂ ಓದಬಲ್ಲರು. ಈ ಬರಹವನ್ನು ಓದಬಲ್ಲುದು 8080 ಮಾತ್ರ, ಅದೂ ಅದೇ ಮಂಡಲದಲ್ಲಿ ಕುಳಿತಾಗ. ಓದುಗನೇ ಇಲ್ಲದ ಪ್ರತಿಯಿಂದ ಪ್ರಯೋಜನವೇನು?

ಕಣ್ಣಿಗೆ ಹಾಗೆಯೇ ಕಾಣುವ ಹೊಸ ಆಟವೊಂದನ್ನು ಬರೆದರಾಗದೆ ಎಂದು ಕೇಳಬಹುದು. ಬರೆದವರೂ ಉಂಟು. ಆದರೆ ಇಂದಿನ ಗಣಕವು 55 ಜೀವಿಗಳನ್ನು ಕಣ್ಣೆವೆಯಿಕ್ಕುವುದರೊಳಗೆ ಸರಿಸಬಲ್ಲುದಾದ್ದರಿಂದ, ವೇಗ ಹೆಚ್ಚುವುದನ್ನು ಬೇರೆಯಾಗಿ ನಟಿಸಬೇಕಾಗುತ್ತದೆ. ಅದು ವೇಷವೇ ಹೊರತು ವ್ಯಕ್ತಿಯಲ್ಲ.

ಉಳಿದ ದಾರಿಯೆಂದರೆ ಆಟವನ್ನು ಬಿಟ್ಟು ಯಂತ್ರವನ್ನೇ ಅನುಕರಿಸುವುದು. ಹೀಗೆ ಅನುಕರಿಸುವ ತಂತ್ರಾಂಶಕ್ಕೆ ಎಮ್ಯುಲೇಟರ್ ಎಂದು ಹೆಸರು. ಅದು ಹಳೆಯ ಕ್ರಮವಿಧಿಯಿಂದ ಒಂದು ಆದೇಶವನ್ನು ತೆಗೆದುಕೊಂಡು, ಅದಕ್ಕೆ 8080 ಏನು ಮಾಡುತ್ತಿತ್ತೋ ಅದನ್ನೇ ಮಾಡಿ, ಮುಂದಿನ ಆದೇಶಕ್ಕೆ ಹೋಗುತ್ತದೆ. ಪ್ರತಿ ಆದೇಶಕ್ಕೂ ಮೂಲ ಪ್ರೊಸೆಸರ್ ಎಷ್ಟು ಮಿಡಿತಗಳನ್ನು ತೆಗೆದುಕೊಳ್ಳುತ್ತಿತ್ತೆಂದು ಲೆಕ್ಕವಿಡುತ್ತದೆ. 20 ಲಕ್ಷವನ್ನು 60ರಿಂದ ಭಾಗಿಸಿದರೆ ಒಂದು ಚಿತ್ರಕ್ಕೆ ಸುಮಾರು 33,333 ಮಿಡಿತಗಳು. ಅಷ್ಟು ಮುಗಿದೊಡನೆ ಎಮ್ಯುಲೇಟರ್ ಸುಮ್ಮನೆ ಕಾಯುತ್ತದೆ. ಇಲ್ಲವಾದರೆ ಆಟ ಹುಚ್ಚುಕುದುರೆಯಂತೆ ಓಡೀತು.

ಇಷ್ಟೇ ಸಾಲದು. ಮೂಲ ಯಂತ್ರದಲ್ಲಿ ಎಲೆಕ್ಟ್ರಾನ್ ಕಿರಣವು ಪರದೆಯ ನಡುಭಾಗಕ್ಕೆ ಬಂದಾಗ ಒಮ್ಮೆ, ಕೊನೆ ಮುಟ್ಟಿದಾಗ ಇನ್ನೊಮ್ಮೆ ಪ್ರೊಸೆಸರಿಗೆ ಕರೆ ಹೋಗುತ್ತಿತ್ತು. ಕಿರಣ ಒಂದರ್ಧದಲ್ಲಿದ್ದಾಗ ಮತ್ತೊಂದರ್ಧದ ಚಿತ್ರವನ್ನು ತಿದ್ದುವ ಏರ್ಪಾಡು ಅದು. ಕಿರಣವೇ ಇಲ್ಲದ ಇಂದಿನ ಪರದೆಯ ಹಿಂದೆ ಕುಳಿತು ಎಮ್ಯುಲೇಟರ್ ಆ ಎರಡು ಕರೆಗಳನ್ನೂ ಹೊತ್ತಿಗೆ ಸರಿಯಾಗಿ ಕೂಗಬೇಕು. ಚಿತ್ರವನ್ನು ಬೇಕಾದಷ್ಟು ಪಕ್ಕಕ್ಕೆ ಜರುಗಿಸಿ ಕೊಡುತ್ತಿದ್ದ ಪ್ರತ್ಯೇಕ ಚಿಪ್ಪನ್ನೂ ಅನುಕರಿಸಬೇಕು. ಇದೆಲ್ಲ ಒದಗಿದಾಗ, ಯಾರೂ ಹೇಳಿಕೊಡದಿದ್ದರೂ ಜೀವಿಗಳ ವೇಗ ತಾನಾಗಿಯೇ ಹೆಚ್ಚುತ್ತದೆ. ಹಳೆಯ ಬಡತನವೂ ಜೊತೆಗೆ ಬಂದಿರುತ್ತದಷ್ಟೆ.

1997ರ ಫೆಬ್ರವರಿಯಲ್ಲಿ ಇಟಲಿಯ ನಿಕೊಲಾ ಸಾಲ್ಮೊರಿಯಾ ಅವರು ‘ಮೇಮ್’ ಎಂಬ ಎಮ್ಯುಲೇಟರನ್ನು ಬಿಡುಗಡೆ ಮಾಡಿದರು. ಒಂದೊಂದು ಯಂತ್ರಕ್ಕೂ ಒಂದೊಂದು ತಂತ್ರಾಂಶವೆಂಬ ಪದ್ಧತಿಯನ್ನು ಬಿಟ್ಟು, ಅನೇಕ ಯಂತ್ರಗಳ ಅನುಕರಣವನ್ನು ಒಂದೆಡೆ ಕೂಡಿಸುವುದು ಅದರ ಉದ್ದೇಶ. ನಾನಾ ದೇಶಗಳ ಸ್ವಯಂಸೇವಕರು ಅದನ್ನು ಬೆಳೆಸಿದರು. 2016ರಲ್ಲಿ ಅದು ಮುಕ್ತ ತಂತ್ರಾಂಶವಾಯಿತು. ಆಟವಾಡಿಸುವುದು ಉಪಫಲ, ಯಂತ್ರಗಳ ರಚನೆಯನ್ನು ದಾಖಲಿಸುವುದೇ ಮುಖ್ಯವೆಂಬುದು ಅವರ ನಿಲುವು. ಆಟಗಳ ಪ್ರತಿಗಳನ್ನು ಅವರು ಹಂಚುವುದಿಲ್ಲ, ಏಕೆಂದರೆ ಅವುಗಳ ಹಕ್ಕು ಒಡೆಯರದು. ಒಡೆಯರು ಯಾರೆಂದೇ ತಿಳಿಯದ ಆಟಗಳ ವಿಷಯದಲ್ಲಿ ಕಾನೂನು ಇಷ್ಟು ಬಿಗಿಯಾಗಿರಬೇಕಿಲ್ಲವೆಂದು ನಮ್ಮ ಅಭಿಪ್ರಾಯ.

ಪ್ರತಿ ತೆಗೆಯುವುದೂ ಯಾವಾಗಲೂ ಸುಲಭವಲ್ಲ. 1993ರಿಂದ ಕ್ಯಾಪ್‌ಕಾಮ್ ಕಂಪನಿಯು ಹೊರತಂದ ಒಂದು ಬಗೆಯ ಯಂತ್ರಗಳಲ್ಲಿ ಕ್ರಮವಿಧಿಯು ಗೂಢಲಿಪಿಯಲ್ಲಿತ್ತು. ಅದನ್ನು ಬಿಡಿಸುವ ಕೀಲಿಯಿದ್ದುದು ಪುಟ್ಟ ಬ್ಯಾಟರಿಯೊಂದರ ಆಸರೆಯಲ್ಲಿದ್ದ ಸ್ಮೃತಿಯಲ್ಲಿ. ಬ್ಯಾಟರಿ ಸತ್ತರೆ ಕೀಲಿ ಅಳಿಸಿಹೋಗಿ, ಯಂತ್ರವು ತನ್ನ ಕ್ರಮವಿಧಿಯನ್ನು ತಾನೇ ಓದಲಾರದೆ ಹೋಗುತ್ತಿತ್ತು. ಈ ಗೂಢಲಿಪಿಯ ಮರ್ಮ ಪೂರ್ತಿಯಾಗಿ ಬಯಲಾದುದು 2007ರಲ್ಲಿ. ಇನ್ನು ಕೆಲವು ಚಿಪ್ಪುಗಳು ತಮ್ಮ ಬರಹವನ್ನು ಹೊರಗೆ ಬಿಟ್ಟುಕೊಡವು. ಅಂಥವುಗಳ ಹೊರಕವಚವನ್ನು ನೈಟ್ರಿಕ್ ಆಮ್ಲದಿಂದ ಕರಗಿಸಿ, ಒಳಗಿನ ಸಿಲಿಕಾನ್ ತುಣುಕನ್ನು ಸೂಕ್ಷ್ಮದರ್ಶಕದ ಮೂಲಕ ಛಾಯಾಚಿತ್ರ ತೆಗೆದು, ಸೊನ್ನೆ ಒಂದುಗಳನ್ನು ಕಣ್ಣಿನಿಂದಲೇ ಓದಿದ್ದುಂಟು!

1972ರಲ್ಲಿ ಅಮೆರಿಕದ ಅಟಾರಿ ಕಂಪನಿಯವರು ತಂದ ‘ಪಾಂಗ್’ ಎಂಬ ಚೆಂಡಾಟದ ಯಂತ್ರದ ಕಥೆ ಬೇರೆ. ಅದರಲ್ಲಿ ಪ್ರೊಸೆಸರೂ ಇಲ್ಲ, ಕ್ರಮವಿಧಿಯೂ ಇಲ್ಲ. ಆಟವೆಲ್ಲ ತಂತಿಜೋಡಣೆಯಲ್ಲೇ ಅಡಗಿದೆ. ಪ್ರತಿ ತೆಗೆಯಲು ಬರಹವೇ ಇಲ್ಲದ್ದರಿಂದ ಮಂಡಲದ ಒಂದೊಂದು ಅಂಗವನ್ನೂ ಅನುಕರಿಸಬೇಕಾಗುತ್ತದೆ. ನೋಡಲು ಅತಿ ಸರಳವಾದ ಆಟವೇ ಇಂದಿನ ಗಣಕಕ್ಕೆ ಹೆಚ್ಚು ಭಾರವಾಗುವುದು ಹೀಗೆ. ಸ್ಪೇಸ್ ಇನ್‌ವೇಡರ್ಸ್ ಯಂತ್ರದ ಸದ್ದುಗಳೂ ಇಂಥ ಮಂಡಲಗಳಿಂದಲೇ ಹುಟ್ಟುತ್ತಿದ್ದವು. ಆದುದರಿಂದ ಬಹುಕಾಲ ಎಮ್ಯುಲೇಟರುಗಳು ನಿಜವಾದ ಯಂತ್ರದಿಂದ ಮುದ್ರಿಸಿಕೊಂಡ ಧ್ವನಿಯನ್ನೇ ಕೇಳಿಸುತ್ತಿದ್ದವು.

ಬಣ್ಣದ ಸಂಗತಿ ಇನ್ನೂ ಸೊಗಸು. ಆ ಯಂತ್ರದ ಚಿತ್ರ ಬರಿಯ ಕಪ್ಪು ಬಿಳುಪು. ಪರದೆಯ ಮೇಲೆ ಬಣ್ಣದ ಪಾರದರ್ಶಕ ಹಾಳೆಯ ಪಟ್ಟಿಗಳನ್ನು ಅಂಟಿಸಿದ್ದರಷ್ಟೆ. ಎಮ್ಯುಲೇಟರ್ ಆ ಪಟ್ಟಿಗಳನ್ನೂ ಇದ್ದ ಜಾಗದಲ್ಲೇ ಬಿಡಿಸುತ್ತದೆ. ಆಟಗಾರನು ಹಾರಿಸಿದ ಗುಂಡು ಹಸಿರು ಪಟ್ಟಿಯನ್ನು ದಾಟಿದೊಡನೆ ಬಿಳಿದಾಗುವುದನ್ನು ಇಂದಿನ ಪರದೆಯ ಮೇಲೂ ಕಾಣಬಹುದು.