ಹಳೆಯ ದೊಡ್ಡ ಕ್ಯಾಮರಾಗಳೂ ನಮ್ಮ ಶಿಲಾಸಂಪತ್ತೂ

೨೦೧೭ನೆಯ ಇಸವಿಯಲ್ಲಿ ಹೊರಬಿದ್ದ ಐವತ್ತು ರೂಪಾಯಿಯ ನೋಟಿನ ಹಿಂಬದಿಯಲ್ಲಿ ಹಂಪೆಯ ಕಲ್ಲಿನ ರಥವು ಅಚ್ಚಾಗಿರುವುದನ್ನು ವಾಚಕ ಮಹಾಶಯರೆಲ್ಲರೂ ಕಂಡಿರುವರು. ಆ ರಥದ ಮೇಲೆ ಹಿಂದೆ ಇಟ್ಟಿಗೆಯ ಶಿಖರವೊಂದು ಇದ್ದಿತೆಂಬುದನ್ನು ಬಲ್ಲವರು ಮಾತ್ರ ವಿರಳ. ಶಿಖರವು ಹೋಯಿತು, ಅದರ ರೂಪವು ಉಳಿಯಿತು. ಉಳಿಸಿದವನು ಮದರಾಸು ಸೈನ್ಯದ ಅಧಿಕಾರಿಯಾಗಿದ್ದ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಆಂಗ್ಲೇಯನು. ೨೦೨೧ರವರೆಗೆ ನಮ್ಮ ಬಳ್ಳಾರಿ ಜಿಲ್ಲೆಗೇ ಸೇರಿದ್ದ ಹಂಪೆಯಲ್ಲಿ ಈತನು ೧೮೫೬ರ ಸುಮಾರಿಗೆ ದೊಡ್ಡದೊಂದು ಕ್ಯಾಮರಾವನ್ನು ನಿಲ್ಲಿಸಿ, ಸುಮಾರು ೬೦ ಛಾಯಾಚಿತ್ರಗಳನ್ನು ತೆಗೆದನು.

ಆತನು ಬಳಸಿದುದು ಗಾಜೂ ಅಲ್ಲ, ಫಿಲ್ಮೂ ಅಲ್ಲ. ಮೇಣ ಹಿಡಿಸಿದ ಕಾಗದ. ಬೆಳ್ಳಿಯ ಲವಣವನ್ನು ಹೀರಿಸಿದ ಆ ಕಾಗದವನ್ನು ಮುಂಚಿತವಾಗಿಯೇ ಸಿದ್ಧಪಡಿಸಿಟ್ಟುಕೊಂಡು ಪ್ರಯಾಣಮಾಡಬಹುದಾಗಿತ್ತು. ಗಾಜಿನ ತಟ್ಟೆಗೆ ದ್ರಾವಣ ಬಳಿದು ಹಸಿಯಿರುವಾಗಲೇ ಚಿತ್ರ ತೆಗೆಯಬೇಕೆಂಬ ಅವಸರವು ಅದಕ್ಕಿರಲಿಲ್ಲ. ನಮ್ಮ ಸೀಮೆಯ ಬೇಗೆಗೆ ಇದಕ್ಕಿಂತ ಅನುಕೂಲವಾದ ಕ್ರಮವು ಆ ಕಾಲದಲ್ಲಿ ದುರ್ಲಭ. ನೆಗೆಟಿವಿನ ಮೇಲೆ ಕಾಗದವನ್ನಿಟ್ಟು ಬಿಸಿಲಿಗೆ ಹಿಡಿದರೆ ಅಷ್ಟೇ ಅಳತೆಯ ಚಿತ್ರವು ಮೂಡುತ್ತಿತ್ತು. ೧೯೮೩ರಲ್ಲಿ ಆಸ್ಟ್ರೇಲಿಯಾದ ಜಾನ್ ಗಾಲಿಂಗ್ಸ್ ಎಂಬ ಛಾಯಾಗ್ರಾಹಕನು ಗ್ರೀನ್‌ಲಾ ನಿಂತ ಜಾಗಗಳನ್ನೇ ಹುಡುಕಿ ಮತ್ತೆ ಚಿತ್ರ ತೆಗೆದನು. ಎರಡನ್ನೂ ಅಕ್ಕಪಕ್ಕದಲ್ಲಿಟ್ಟು ನೋಡಿದಾಗ, ೧೨೭ ವರ್ಷಗಳಲ್ಲಿ ಏನು ಬಿದ್ದಿತು, ಏನು ನಿಂತಿತು ಎಂಬುದನ್ನು ವಿದ್ವಾಂಸರು ಕಣ್ಣಾರೆ ಅಳೆಯಲು ಸಾಧ್ಯವಾಯಿತು.

ಈ ಪೀಠಿಕೆಯ ಉದ್ದೇಶವಿಷ್ಟೆ. ನಮ್ಮ ಊರುಗಳ ಹಳೆಯ ಸ್ಟುಡಿಯೋಗಳ ಅಟ್ಟಗಳಲ್ಲಿ ತೇಗದ ಮರದ, ಹಿತ್ತಾಳೆಯ ಕೀಲುಗಳ, ಚರ್ಮದ ತಿದಿಯ ಕ್ಯಾಮರಾಗಳು ಇನ್ನೂ ಬಿದ್ದಿರುತ್ತವೆ. ಕೆಲವು ವಿಲಾಯತಿಯವು; ಕೆಲವು ನಮ್ಮ ದೇಶದ ಬಡಗಿಗಳ ಕೈಯಲ್ಲಿ, ಕೇರಳದ ಆಲಪ್ಪುಳದಲ್ಲಿ ತಯಾರಾದ ‘ವಾಗೀಶ್ವರಿ’ ಕ್ಯಾಮರಾಗಳು. ಇವುಗಳನ್ನು ಕೊಳ್ಳುವವರು ಇಂದಿಗೂ ಇರುವರು. ಆದರೆ ಬಹುಮಂದಿಯ ಉದ್ದೇಶವು ಹಜಾರದ ಅಲಂಕಾರ, ಅಥವಾ ಮುಕ್ಕಾಲಿಯ ಮೇಲೆ ದೀಪ ಕೂರಿಸುವುದು. ಕೆಲಸಮಾಡಬಲ್ಲ ಯಂತ್ರವನ್ನು ಹೀಗೆ ಬೊಂಬೆಯಾಗಿಸುವುದು ನಮ್ಮ ಮನಸ್ಸಿಗೆ ಒಪ್ಪದು.

ಉಪಯೋಗಿಸಬೇಕೆಂದು ಕೊಳ್ಳುವವರು ಕೆಲವು ಪರೀಕ್ಷೆಗಳನ್ನು ಮಾಡತಕ್ಕದ್ದು. ಮೊದಲನೆಯದಾಗಿ ತಿದಿ: ಕತ್ತಲೆಯ ಕೋಣೆಯಲ್ಲಿ ಒಳಗೆ ಟಾರ್ಚನ್ನು ಹಚ್ಚಿ, ಮಡಿಕೆಗಳ ಮೂಲೆಗಳಲ್ಲಿ ಬೆಳಕು ಸೂಸುವುದೋ ಎಂದು ನೋಡಬೇಕು. ಸಣ್ಣ ರಂಧ್ರಗಳಾದರೆ ಕಪ್ಪು ಬಟ್ಟೆಯಿಂದಲೂ ಅಂಟಿನಿಂದಲೂ ಮುಚ್ಚಬಹುದು. ಚರ್ಮವೇ ಪುಡಿಯಾಗುತ್ತಿದ್ದರೆ ಬೇರೆಯ ತಿದಿಯನ್ನೇ ಮಾಡಿಸಬೇಕಾಗುವುದು. ಎರಡನೆಯದು ಮಸೂರ: ಬೆಳಕಿಗೆ ಹಿಡಿದಾಗ ಜೇಡರ ಬಲೆಯಂತಹ ಬೂಷ್ಟು ಕಂಡರೆ, ಅಥವಾ ಅಂಟಿಸಿದ ಗಾಜುಗಳು ಬಿಟ್ಟು ಅಂಚಿನಲ್ಲಿ ಕಾಮನಬಿಲ್ಲಿನ ಬಣ್ಣ ಹೊಳೆದರೆ ಬೆಲೆಯನ್ನು ತಗ್ಗಿಸಿ ಕೇಳುವುದು ನ್ಯಾಯ. ಸಣ್ಣ ಗೀರುಗಳಿಂದ ಭಯವಿಲ್ಲ. ಡಾಲ್‌ಮೇಯರ್, ರಾಸ್, ಕುಕ್, ಜೈಸ್ ಟೆಸ್ಸಾರ್ ಮುಂತಾದ ಹೆಸರುಗಳು ಕೆತ್ತಿರುವ ಮಸೂರಗಳಿಗೆ ಒಳ್ಳೆಯ ಬೆಲೆಯುಂಟು. ಆದರೆ ಹೆಸರಿಗಿಂತ ಗಾಜಿನ ಸ್ಥಿತಿಯೇ ಮುಖ್ಯ.

ಮೂರನೆಯದು ಅಳತೆ. ಹಾಫ್ ಪ್ಲೇಟೆಂದರೆ ೪¾ × ೬½ ಅಂಗುಲ. ಫುಲ್ ಪ್ಲೇಟೆಂದರೆ ೬½ × ೮½ ಅಂಗುಲ. ಮಸೂರದ ನಾಭಿದೂರವು ತಟ್ಟೆಯ ಕರ್ಣಕ್ಕೆ ಸಮೀಪವಾಗಿದ್ದರೆ ದೃಶ್ಯವು ಸಹಜವಾಗಿ ಬೀಳುವುದು. ಹಾಫ್ ಪ್ಲೇಟಿಗೆ ಇದು ಸುಮಾರು ೮ ಅಂಗುಲ, ಫುಲ್ ಪ್ಲೇಟಿಗೆ ಹತ್ತೂವರೆ ಅಂಗುಲಕ್ಕೆ ತುಸು ಹೆಚ್ಚು. ಮಸೂರದ ಮೇಲೆ ಅಂಕಿಯಿಲ್ಲದಿದ್ದರೂ ಚಿಂತೆಯಿಲ್ಲ. ದೂರದಿಂದ ಬಳ್ಳಾರಿ ಗುಡ್ಡವನ್ನು ಮಬ್ಬುಗಾಜಿನ ಮೇಲೆ ಸ್ಪಷ್ಟವಾಗಿ ಹಿಡಿದು, ಮಸೂರದಿಂದ ಗಾಜಿಗಿರುವ ಅಂತರವನ್ನು ಪಟ್ಟಿಯಿಂದ ಅಳೆದರೆ ಅದೇ ನಾಭಿದೂರವು. ಕಡೆಯದಾಗಿ, ತಟ್ಟೆಯ ಹೋಲ್ಡರುಗಳನ್ನು ಕ್ಯಾಮರಾದೊಂದಿಗೇ ಕೇಳಿ ಪಡೆಯಬೇಕು. ಹಳೆಯ ಕ್ಯಾಮರಾಗಳ ಹೋಲ್ಡರುಗಳು ಒಂದರದು ಇನ್ನೊಂದಕ್ಕೆ ಹೊಂದುವುದು ಅಪರೂಪ. ಅವಿಲ್ಲದ ಕ್ಯಾಮರಾವು ಗುಂಡಿಲ್ಲದ ಬಂದೂಕಿನಂತೆ.

ಇಂಗ್ಲೆಂಡಿನ ಇಲ್‌ಫರ್ಡ್, ಅಮೆರಿಕೆಯ ಕೊಡಾಕ್ ಮೊದಲಾದವರು ಹಾಳೆಯ ಫಿಲ್ಮನ್ನು ಇಂದಿಗೂ ತಯಾರಿಸುತ್ತಿರುವರು. ಬೆಲೆಯು ಮಾತ್ರ ಕಲಿಯುವವನ ಕೈಗೆ ಎಟುಕುವಂಥದಲ್ಲ. ಆದುದರಿಂದ ಗ್ರೀನ್‌ಲಾನ ದಾರಿಯನ್ನೇ ಹಿಡಿಯುವುದು ಲೇಸು. ಕಪ್ಪು ಬಿಳುಪು ಚಿತ್ರಗಳನ್ನು ಮುದ್ರಿಸುವ ಕಾಗದವನ್ನೇ ಕೆಂಪು ದೀಪದ ಕೆಳಗೆ ಬೇಕಾದ ಅಳತೆಗೆ ಕತ್ತರಿಸಿ ಹೋಲ್ಡರಿನಲ್ಲಿಟ್ಟರೆ ನೆಗೆಟಿವಾಯಿತು. ಈ ಕಾಗದದ ವೇಗವು ಬಹು ಕಡಿಮೆ, ಸುಮಾರು ಐಎಸ್‌ಓ ೬ ಎಂದು ಎಣಿಸಬಹುದು. ಅದೇ ಇಲ್ಲಿ ಅನುಕೂಲ: ಬಳ್ಳಾರಿಯ ಬಿಸಿಲಿನಲ್ಲಿ ಎಫ್ ೩೨ ರಂಧ್ರಕ್ಕೆ ಸುಮಾರು ಒಂದು ಸೆಕೆಂಡು ಬೇಕಾಗುವುದರಿಂದ, ಷಟರಿಲ್ಲದ ಮಸೂರದ ಮುಚ್ಚಳವನ್ನು ಕೈಯಿಂದ ತೆಗೆದು ಹಾಕಿದರೆ ಸಾಕು. ಇಂತಹ ಕಾಗದಕ್ಕೆ ಕೆಂಪು ಬಣ್ಣವು ಕಾಣದಾದ ಕಾರಣ ಕುಂಕುಮವೂ ಕೆಮ್ಮಣ್ಣೂ ಕಪ್ಪಾಗಿ ಬೀಳುವುವು, ಆಕಾಶವು ಬೆಳ್ಳಗಾಗುವುದು. ಅದನ್ನು ತಿಳಿದೇ ಚಿತ್ರವನ್ನು ಯೋಜಿಸಬೇಕು. ತೊಳೆಯುವ ದ್ರಾವಣವು ೨೦ ಡಿಗ್ರಿಯ ಸಮೀಪವಿರಬೇಕು. ನಮ್ಮ ಬೇಸಗೆಯಲ್ಲಿ ಇದು ಕಠಿಣ. ಬಟ್ಟಲನ್ನು ಮಂಜುಗಡ್ಡೆ ಹಾಕಿದ ತಟ್ಟೆಯಲ್ಲಿಡಬೇಕಾದೀತು.

ಪ್ರತಿಯೊಬ್ಬರ ಜೇಬಿನಲ್ಲಿಯೂ ಕ್ಯಾಮರಾವಿರುವ ಈ ದಿನಗಳಲ್ಲಿ ಇಷ್ಟು ಶ್ರಮವೇಕೆಂದು ಕೇಳುವವರುಂಟು. ಪ್ರಶ್ನೆಯು ಯುಕ್ತವೇ ಆಗಿದೆ. ದೊಡ್ಡ ಕ್ಯಾಮರಾದ ಮುಂಭಾಗವನ್ನು ಮೇಲಕ್ಕೆ ಸರಿಸಬಹುದಾದುದರಿಂದ, ಕ್ಯಾಮರಾವನ್ನು ಓರೆಮಾಡದೆಯೇ ಎತ್ತರದ ಗೋಪುರವನ್ನು ನೆಟ್ಟಗೆ ಹಿಡಿಯಬಹುದು. ಗೋಡೆಗಳು ಹಿಂದಕ್ಕೆ ವಾಲಿದಂತೆ ಕಾಣವು. ನಾಲ್ಕು ಅಂಗುಲಕ್ಕೆ ಐದು ಅಂಗುಲದ ಹಾಳೆಯೊಂದು ಸಾಮಾನ್ಯ ೩೫ ಮಿಲಿಮೀಟರ್ ಫಿಲ್ಮಿನ ಚೌಕಕ್ಕಿಂತ ಸುಮಾರು ಹದಿನೈದು ಪಾಲು ದೊಡ್ಡದು. ಶಾಸನದ ಅಕ್ಷರವೂ ಕಲ್ಲಿನ ಬಿರುಕೂ ಅದರಲ್ಲಿ ಉಳಿಯುವುವು. ಎಲ್ಲಕ್ಕಿಂತ ಹೆಚ್ಚಾಗಿ, ಆ ನೆಗೆಟಿವನ್ನು ಓದಲು ಯಾವ ಯಂತ್ರವೂ ಬೇಡ; ಕಣ್ಣೂ ಬೆಳಕೂ ಸಾಕು. ಜೇಬಿನ ಯಂತ್ರದಲ್ಲಿ ತೆಗೆದ ಸಾವಿರ ಚಿತ್ರಗಳು ಯಂತ್ರವು ಕೆಟ್ಟ ದಿನವೇ ಕಾಣೆಯಾಗುವುದನ್ನು ನಾವೆಲ್ಲರೂ ನೋಡಿರುತ್ತೇವೆ. ಗ್ರೀನ್‌ಲಾನ ಕಾಗದಗಳಾದರೋ ಒಂದೂವರೆ ಶತಮಾನಕ್ಕೂ ಮಿಕ್ಕಿ ಬಾಳಿ ಬಂದಿವೆ.

ಹಂಪೆಗೆ ಗ್ರೀನ್‌ಲಾ ದೊರೆತನು. ಕುರುಗೋಡಿನ ಬೆಟ್ಟದಡಿಯ ಹಳೆಯ ಗುಡಿಗಳಿಗೆ, ಅಲ್ಲಿಯ ದೊಡ್ಡಬಸವೇಶ್ವರನಿಗೆ, ಸಿರುಗುಪ್ಪದ ತುಂಗಭದ್ರಾ ತೀರಕ್ಕೆ, ನಮ್ಮ ಬಳ್ಳಾರಿಯ ಕೋಟೆಗೆ ಅದೇ ಬಗೆಯ ಸಾಕ್ಷಿಯನ್ನು ಯಾರು ಬರೆದಿಡುವರು? ಸುಣ್ಣ ಬಳಿಯುವ ಭಕ್ತಿಯೂ, ಹೊಸ ಮಂಟಪ ಕಟ್ಟುವ ಉತ್ಸಾಹವೂ, ಮಳೆಯೂ, ಬೇರೂ ತಮ್ಮ ಕೆಲಸವನ್ನು ನಿಲ್ಲಿಸಿಲ್ಲ. ಪರದೇಶೀಯನೊಬ್ಬನು ತನ್ನ ಕುತೂಹಲದಿಂದ ಮಾಡಿದುದನ್ನು ಈ ನೆಲದ ಮಕ್ಕಳು ಕರ್ತವ್ಯವೆಂದು ಮಾಡಬಾರದೇಕೆ? ನಮ್ಮ ಕಾಲೇಜುಗಳೂ ಸ್ಟುಡಿಯೋದ ಒಡೆಯರೂ ಕೂಡಿ, ಅಟ್ಟದ ಮೇಲಿನ ಕ್ಯಾಮರಾಗಳನ್ನು ಇಳಿಸಿ, ವರ್ಷಕ್ಕೊಮ್ಮೆ ಒಂದೇ ಜಾಗದಲ್ಲಿ ನಿಂತು ಒಂದೇ ಗುಡಿಯ ಚಿತ್ರವನ್ನು ತೆಗೆದು, ಹಿಂಬದಿಯಲ್ಲಿ ಸ್ಥಳವನ್ನೂ ತಾರೀಖನ್ನೂ ಬರೆದಿಟ್ಟರೆ ಸಾಕು. ಮರದ ಪೆಟ್ಟಿಗೆಯನ್ನು ದೀಪದ ಕಂಬವಾಗಿಸಲು ಕೊಡುವ ಮುನ್ನ ಮಾಲೀಕರು ಈ ಮಾತನ್ನು ಒಮ್ಮೆ ಆಲೋಚಿಸುವರೆಂದು ನಂಬಿದ್ದೇವೆ.