ಸೂರ್ಯೋದಯ, ಇಬ್ಬನಿ ಮತ್ತು ದ್ರಾಕ್ಷಿಯ ತೋಟ

ಬೆಟ್ಟವನ್ನೇರಿ ಸೂರ್ಯೋದಯವನ್ನು ನೋಡಬೇಕೆಂಬ ಆಸೆ ಯಾರಿಗಿಲ್ಲ? ಈ ವಿಷಯದಲ್ಲಿ ಪುಣೆಯ ವಿದ್ಯಾರ್ಥಿಗಳಾದ ನಾವು ಭಾಗ್ಯವಂತರೇ ಸರಿ. ಸಮುದ್ರಮಟ್ಟದಿಂದ ಸುಮಾರು 560 ಮೀಟರ್ ಎತ್ತರದಲ್ಲಿರುವ ನಮ್ಮ ನಗರವನ್ನು ಸಹ್ಯಾದ್ರಿಯ ಕವಲುಗಳು ಸುತ್ತುವರಿದಿವೆ. ಊರೊಳಗೇ ಪರ್ವತಿ ಗುಡ್ಡವಿದೆ. ಅದರ 103 ಮೆಟ್ಟಿಲುಗಳನ್ನು ಹತ್ತಲು ಹತ್ತು ನಿಮಿಷ ಸಾಕು. ಫರ್ಗ್ಯುಸನ್ ಕಾಲೇಜಿನ ಹಿಂದೆ ಇನ್ನೊಂದು ಗುಡ್ಡವಿದೆ. ಬೆಳಗನ್ನು ಹಾಡಿದ ವರಕವಿ ಬೇಂದ್ರೆಯವರು ಇದೇ ಕಾಲೇಜಿನಲ್ಲಿ ಓದಿ 1918ರಲ್ಲಿ ಪದವೀಧರರಾದರು. ನೈಋತ್ಯಕ್ಕೆ ಸುಮಾರು 30 ಕಿಲೋಮೀಟರ್ ದೂರದಲ್ಲಿ, 1670ರಲ್ಲಿ ತಾನಾಜಿ ಮಾಲುಸರೆ ಪ್ರಾಣವನ್ನು ತೆತ್ತು ಗೆದ್ದುಕೊಟ್ಟ ಸಿಂಹಗಡವಿದೆ. ಉತ್ತರಕ್ಕೆ ನಾಶಿಕದ ದಾರಿ ಹಿಡಿದು ಹೋದರೆ ನಾರಾಯಣಗಾಂವ, ಜುನ್ನರ, ಶಿವಾಜಿ ಮಹಾರಾಜರು 1630ರಲ್ಲಿ ಜನಿಸಿದ ಶಿವನೇರಿ ದುರ್ಗ. ಅವುಗಳ ಸುತ್ತಲೂ ದ್ರಾಕ್ಷಿಯ ತೋಟಗಳು.

ಸೂರ್ಯೋದಯವನ್ನು ನೋಡಿ ‘ಆಹಾ’ ಎನ್ನುವುದು ಸುಲಭ. ಆ ಹೊತ್ತಿನಲ್ಲಿ ಆಕಾಶದಲ್ಲಿಯೂ ಕಣಿವೆಯಲ್ಲಿಯೂ ನಡೆಯುವುದೇನು, ಅದೇ ಬೆಳಗು ಕೆಳಗಿನ ತೋಟದ ರೈತನಿಗೆ ಏನನ್ನು ತರುತ್ತದೆ ಎಂಬುದನ್ನು ತಿಳಿದು ನೋಡಿದರೆ ಸಂತೋಷವು ಇಮ್ಮಡಿಯಾಗುತ್ತದೆ, ಜವಾಬ್ದಾರಿಯೂ ಮೂಡುತ್ತದೆ. ಅದನ್ನು ಇಲ್ಲಿ ಕ್ರಮವಾಗಿ ವಿಚಾರಿಸೋಣ.

ಮೊದಲು ಹೊತ್ತಿನ ಮಾತು. ನಮ್ಮ ದೇಶದ ಗಡಿಯಾರಗಳೆಲ್ಲವೂ ಪೂರ್ವ ರೇಖಾಂಶ 82.5 ಡಿಗ್ರಿಗೆ ಹೊಂದಿಕೊಂಡು ನಡೆಯುತ್ತವೆ. ಪುಣೆಯಾದರೋ ಸುಮಾರು 73.9 ಡಿಗ್ರಿಯಲ್ಲಿದೆ. ಭೂಮಿಯು ಒಂದು ಡಿಗ್ರಿ ತಿರುಗಲು 4 ನಿಮಿಷ ಬೇಕು. ಆದುದರಿಂದ ಆ ರೇಖೆಯ ಮೇಲಿನ ಊರುಗಳಿಗಿಂತ ನಮ್ಮಲ್ಲಿ ಸೂರ್ಯನು ಸುಮಾರು 34 ನಿಮಿಷ ತಡವಾಗಿ ಬರುತ್ತಾನೆ. ಜೂನ್ ತಿಂಗಳ ಆರಂಭದಲ್ಲಿ ಆರು ಗಂಟೆಗೆ ತುಸು ಮೊದಲೇ ಉದಯವಾದರೆ, ಜನವರಿಯ ನಡುವಿನಲ್ಲಿ ಏಳು ಗಂಟೆ ಹತ್ತು ನಿಮಿಷದ ಹತ್ತಿರ ಹತ್ತಿರ ಆಗುತ್ತದೆ. ಅತಿ ಚಿಕ್ಕ ಹಗಲು ಡಿಸೆಂಬರದಲ್ಲಿ ಬಂದರೂ ಅತಿ ತಡವಾದ ಸೂರ್ಯೋದಯ ಬರುವುದು ಜನವರಿಯಲ್ಲಿ. ಚಳಿಗಾಲದ ನಸುಕಿನಲ್ಲಿ ಶಾಲೆಗೆ ಹೊರಡುವವರು ಇದನ್ನು ತಾವೇ ಕಂಡಿರಬಹುದು.

ಉದಯಕ್ಕೆ ಮೊದಲೇ ಬೆಳಕು ಹರಿಯುತ್ತದೆಯಷ್ಟೆ? ಸೂರ್ಯನು ದಿಗಂತಕ್ಕಿಂತ 6 ಡಿಗ್ರಿ ಕೆಳಗಿರುವಾಗಲೇ ಮೇಲಿನ ಗಾಳಿಯು ಅವನ ಕಿರಣಗಳನ್ನು ಚದರಿಸಿ ನಮಗೆ ಕಳುಹಿಸುತ್ತದೆ. ಕಾಲುದಾರಿಯು ಕಣ್ಣಿಗೆ ಕಾಣುವಷ್ಟು ಬೆಳಕು ಆಗ ಇರುತ್ತದೆ. ನಮ್ಮ ಅಕ್ಷಾಂಶದಲ್ಲಿ ಈ ಸಂಧಿಕಾಲವು 22 ನಿಮಿಷಗಳ ಆಸುಪಾಸಿನದು. ಬೆಟ್ಟದ ತುದಿಯಲ್ಲಿ ಸೂರ್ಯನನ್ನು ಎದುರುಗೊಳ್ಳಬೇಕಾದವರು ಈ 22 ನಿಮಿಷಗಳನ್ನು ಲೆಕ್ಕಕ್ಕೆ ಹಿಡಿಯಬೇಕು.

ಇನ್ನೊಂದು ಸೋಜಿಗವನ್ನು ಕೇಳಿರಿ. ದಿಗಂತವನ್ನು ಮುಟ್ಟಿ ನಿಂತಂತೆ ತೋರುವ ಕೆಂಪು ಬಿಂಬವು ಆ ಕ್ಷಣದಲ್ಲಿ ವಾಸ್ತವವಾಗಿ ದಿಗಂತದ ಕೆಳಗೇ ಇರುತ್ತದೆ! ವಾಯುಮಂಡಲವು ಕಿರಣಗಳನ್ನು ಅರ್ಧ ಡಿಗ್ರಿಗಿಂತ ತುಸು ಹೆಚ್ಚು ಬಾಗಿಸುತ್ತದೆ. ಸೂರ್ಯಬಿಂಬದ ಅಗಲವೂ ಸುಮಾರು ಅರ್ಧ ಡಿಗ್ರಿಯೇ. ಹೀಗಾಗಿ ನಾವು ಮೊದಲು ಕಾಣುವುದು, ಗಾಳಿಯು ಎತ್ತಿ ತೋರಿಸಿದ ಸೂರ್ಯನನ್ನು. ಬೆಟ್ಟದ ಎತ್ತರವೂ ನಮಗೆ ಸಹಾಯಕ. ಸುತ್ತಲಿನ ಬಯಲಿಗಿಂತ 600 ಮೀಟರ್ ಮೇಲೆ ನಿಂತು, ಪೂರ್ವದಲ್ಲಿ ಅಡ್ಡಿಯಿಲ್ಲದಿದ್ದರೆ, ಕೆಳಗಿನವರಿಗಿಂತ ಸುಮಾರು 3 ನಿಮಿಷ ಮೊದಲೇ ಸೂರ್ಯದರ್ಶನವಾಗುತ್ತದೆ.

ಚಳಿಗಾಲದಲ್ಲಿ ಮೇಲಿನಿಂದ ನೋಡಿದರೆ ಕಣಿವೆಗಳಲ್ಲಿ ಹಾಲಿನ ಕೆರೆಯಂತೆ ಮಂಜು ತುಂಬಿರುವುದುಂಟು. ಸಾಮಾನ್ಯವಾಗಿ ಮೇಲೇರಿದಂತೆ ಗಾಳಿಯು ತಣ್ಣಗಾಗಬೇಕು. ಆದರೆ ಮೋಡವಿಲ್ಲದ ರಾತ್ರಿಯಲ್ಲಿ ನೆಲವು ತನ್ನ ಶಾಖವನ್ನು ಬೇಗ ಕಳೆದುಕೊಳ್ಳುತ್ತದೆ. ಅದನ್ನು ಮುಟ್ಟಿದ ಗಾಳಿಯೂ ತಣ್ಣಗಾಗಿ, ಭಾರವಾಗಿ, ನೀರಿನಂತೆ ಇಳಿಜಾರಿನಲ್ಲಿ ಹರಿದು ಕಣಿವೆಯಲ್ಲಿ ನಿಲ್ಲುತ್ತದೆ. ಮೇಲೆ ಬೆಚ್ಚಗಿನ ಗಾಳಿ ಮುಚ್ಚಳದಂತೆ ಕೂತಿರುತ್ತದೆ. ಕೆಳಗೆ ಸಿಕ್ಕಿದ ತೇವವು ಎಲೆಗಳ ಮೇಲೆ ಇಬ್ಬನಿಯಾಗುತ್ತದೆ, ಗಾಳಿಯಲ್ಲಿ ಮಂಜಾಗುತ್ತದೆ. ಬಿಸಿಲು ನೆಲವನ್ನು ಕಾಯಿಸಿದ ಬಳಿಕ ಮುಚ್ಚಳ ಒಡೆದು ಮಂಜು ಕರಗುತ್ತದೆ.

ಈಗ ಆ ಮಂಜಿನ ಕೆಳಗಿರುವ ನಾಡಿಗೆ ಇಳಿಯೋಣ. ಜುನ್ನರದ ಪಶ್ಚಿಮಕ್ಕೆ ನಾಣೇಘಾಟವೆಂಬ ಪುರಾತನ ಕಣಿವೆದಾರಿಯಿದೆ. ಅಲ್ಲಿಂದ ಕೆಳಗೆ ಕೊಂಕಣ. ಅಲ್ಲಿಯ ಗುಹೆಯಲ್ಲಿ ಶಾತವಾಹನ ರಾಣಿ ನಾಗನಿಕೆಯ ಬ್ರಾಹ್ಮೀ ಶಾಸನವಿದೆ. ನಮ್ಮ ಅಂಕಿಗಳ ಹಳೆಯ ರೂಪಗಳನ್ನು ವಿದ್ವಾಂಸರು ಅದರಲ್ಲಿ ಗುರುತಿಸಿದ್ದಾರೆ. ಜುನ್ನರದ ಗುಹೆಗಳಲ್ಲಿ ಯವನರು ಕೊಟ್ಟ ದಾನಗಳ ಶಾಸನಗಳೂ ಉಂಟು. ಸುಮಾರು 2000 ವರ್ಷಗಳ ಹಿಂದೆ ಪಶ್ಚಿಮ ಕರಾವಳಿಯ ಭರುಚ ಬಂದರಿಗೆ ಇಟಲಿಯ ದ್ರಾಕ್ಷಾಮದ್ಯವು ಹಡಗಿನಲ್ಲಿ ಬರುತ್ತಿತ್ತೆಂದು ‘ಪೆರಿಪ್ಲಸ್’ ಎಂಬ ಗ್ರೀಕ್ ಗ್ರಂಥವು ಹೇಳುತ್ತದೆ. ಇಂದು ಕಾಲವು ತಿರುಗಿದೆ. ಘಟ್ಟದ ಮೇಲಿನ ದ್ರಾಕ್ಷಿಯೇ ಕರಾವಳಿಗೆ ಇಳಿದು ಹಡಗೇರಿ ಯುರೋಪಿಗೆ ಹೋಗುತ್ತದೆ. ನಾರಾಯಣಗಾಂವದಲ್ಲಿ 1980ರ ದಶಕದಿಂದ ದ್ರಾಕ್ಷಿಯಿಂದ ವೈನ್ ತಯಾರಿಸುವ ಉದ್ಯಮವೂ ಆರಂಭವಾಯಿತು.

ದ್ರಾಕ್ಷಿಗೆ ಈ ನೆಲವೇ ಏಕೆ? ಮಳೆಗಾಲದ ಮೋಡಗಳು ಸಹ್ಯಾದ್ರಿಗೆ ಬಡಿದು, ಘಟ್ಟದ ಅಂಚಿನಲ್ಲಿ ತಮ್ಮ ಭಾರವನ್ನು ಇಳಿಸಿಬಿಡುತ್ತವೆ. ಪೂರ್ವಕ್ಕೆ ಬಂದಂತೆ ಮಳೆ ಬೇಗನೆ ಕಡಿಮೆಯಾಗುತ್ತದೆ. ಪುಣೆಗೆ ವರ್ಷಕ್ಕೆ 700 ಮಿಲಿಮೀಟರಿನಷ್ಟೇ ದೊರೆಯುತ್ತದೆ. ಈ ಮಳೆಯ ನೆರಳಿನಲ್ಲಿ ಬಿಸಿಲು ಹೇರಳ. ನೀರನ್ನು ಕುಕಡಿ ನದಿಯ ಕಾಲುವೆಗಳು ಒದಗಿಸುತ್ತವೆ. ಬಿಸಿಲು ಹೆಚ್ಚಾಗಿ ಗಾಳಿ ಒಣಗಿರಬೇಕು, ಬೇರಿಗೆ ಮಾತ್ರ ನೀರು ಸಿಗಬೇಕು; ಇದೇ ದ್ರಾಕ್ಷಿಯ ಸ್ವಭಾವ. ವಿಜಯಪುರದಲ್ಲಿಯೂ, ಕನ್ನಡಿಗರು ಹೆಚ್ಚಾಗಿರುವ ಜತ್ತ ತಾಲೂಕಿನಲ್ಲಿಯೂ ಬಳ್ಳಿಯು ಹಬ್ಬಿರುವುದು ಇದೇ ಕಾರಣದಿಂದ. ಸೂರ್ಯೋದಯಕ್ಕೆ ಹೆಸರಾದ 1478 ಮೀಟರ್ ಎತ್ತರದ ನಂದಿಬೆಟ್ಟದ ಬುಡದಲ್ಲಿಯೂ ದ್ರಾಕ್ಷಿಯ ತೋಟಗಳಿವೆ.

ನಮ್ಮ ಕಡೆ ದ್ರಾಕ್ಷಿಗೆ ವರ್ಷಕ್ಕೆ ಎರಡು ಸಲ ಚಾಟ್ನಿ ಮಾಡುತ್ತಾರೆ, ಎಂದರೆ ಬಳ್ಳಿಯನ್ನು ಕತ್ತರಿಸುತ್ತಾರೆ. ಏಪ್ರಿಲಿನದು ಕಡ್ಡಿ ಬಲಿಯುವುದಕ್ಕೆ, ಅಕ್ಟೋಬರದ ಹೊತ್ತಿನದು ಹಣ್ಣಿಗೆ. ಅಕ್ಟೋಬರದ ಚಾಟ್ನಿಯ ಬಳಿಕ ಎಳೆಯ ಚಿಗುರು, ಹೂವು, ಕಾಯಿ. ಸುಮಾರು ನಾಲ್ಕು ತಿಂಗಳಿಗೆ ಹಣ್ಣು. ನಾವು ಮಂಜನ್ನು ನೋಡಲು ಬೆಟ್ಟವೇರುವ ದಿನಗಳೂ ಇವೇ ಅಲ್ಲವೆ? ಎಲೆಯ ಮೇಲೆ ನೀರಿನ ಪೊರೆ ಬಹಳ ಹೊತ್ತು ನಿಂತರೆ, ಎಲೆಯ ಕೆಳಮೈಯಲ್ಲಿ ಬಿಳಿಯ ಬೂಜು ಕಟ್ಟುವ ರೋಗದ ಬೀಜಾಣುಗಳು ಒಳಹೊಗುತ್ತವೆ. ಹೂಗೊಂಚಲಿಗೆ ಅದು ತಗಲಿದರೆ ಗೊಂಚಲೇ ಒಣಗಿಹೋಗುತ್ತದೆ. ಮಂಜು ಎಷ್ಟು ಹೊತ್ತು ಬಿಸಿಲನ್ನು ತಡೆಯುವುದೋ ಅಷ್ಟು ಹೊತ್ತು ಎಲೆ ಒದ್ದೆ. ‘ಇನ್ನಷ್ಟು ಹೊತ್ತು ಮಂಜು ಇರಲಿ’ ಎಂದು ನಾವು ಮೇಲೆ ಹಾರೈಸುವಾಗ, ‘ಬೇಗ ಬಿಸಿಲು ಬರಲಿ’ ಎಂದು ಕೆಳಗೆ ರೈತನು ಪೂರ್ವದ ಕಡೆ ನೋಡುತ್ತಿರುತ್ತಾನೆ. ಅವನ ವರ್ಷದ ದುಡಿಮೆ, ಸಾಲದ ಕಂತು, ಮಕ್ಕಳ ಓದು ಎಲ್ಲವೂ ಆ ಗೊಂಚಲುಗಳಲ್ಲಿ ತೂಗುತ್ತಿರುತ್ತವೆ.

ಈ ರೋಗದ ಮದ್ದಿನ ಕಥೆಯು ಸ್ವಾರಸ್ಯವಾದುದು. ಫ್ರಾನ್ಸಿನ ಅಟ್ಲಾಂಟಿಕ್ ಕರಾವಳಿಗೆ ಸಮೀಪದ ಬೋರ್ಡೋ ಸೀಮೆಯು ದ್ರಾಕ್ಷಿಗೆ ಪ್ರಸಿದ್ಧ. ದಾರಿಹೋಕರು ಹಣ್ಣು ಕದಿಯದಿರಲೆಂದು ಅಲ್ಲಿಯ ಕೆಲವರು ದಾರಿಯ ಪಕ್ಕದ ಬಳ್ಳಿಗಳಿಗೆ ಮೈಲುತುತ್ತ ಮತ್ತು ಸುಣ್ಣದ ನೀಲಿ ನೀರನ್ನು ಎರಚುತ್ತಿದ್ದರು. ಉಳಿದ ಬಳ್ಳಿಗಳು ರೋಗದಿಂದ ಎಲೆ ಉದುರಿಸಿದರೂ ಇವು ಹಸುರಾಗಿ ನಿಂತುದನ್ನು ಮಿಲಾರ್ಡೆ ಎಂಬ ವಿಜ್ಞಾನಿ ಗಮನಿಸಿ, ಪ್ರಯೋಗ ಮಾಡಿ, 1885ರಲ್ಲಿ ಪ್ರಕಟಿಸಿದರು. ಅದೇ ಬೋರ್ಡೋ ದ್ರಾವಣ. ನಮ್ಮ ಮಲೆನಾಡಿನಲ್ಲಿ ಅಡಿಕೆಯ ಕೊಳೆರೋಗಕ್ಕೆ ಸಿಂಪಡಿಸುವುದೂ ಇದನ್ನೇ. ಇಂದು ಇನ್ನೂ ಅನೇಕ ಔಷಧಗಳು ಬಂದಿವೆ. ಯಾವ ಹವೆಗೆ ಯಾವುದನ್ನು, ಎಷ್ಟು ಸಿಂಪಡಿಸಬೇಕೆಂಬುದನ್ನು ಪುಣೆಯ ಮಾಂಜರಿಯಲ್ಲಿ 1997ರಲ್ಲಿ ಸ್ಥಾಪಿತವಾದ ರಾಷ್ಟ್ರೀಯ ದ್ರಾಕ್ಷಿ ಸಂಶೋಧನ ಕೇಂದ್ರದ ವಿಜ್ಞಾನಿಗಳು ಅಭ್ಯಾಸ ಮಾಡುತ್ತಾರೆ.

ಇಷ್ಟನ್ನು ತಿಳಿದ ಮೇಲೆ ನಮ್ಮ ನಡತೆ ಹೇಗಿರಬೇಕೆಂಬುದು ತಾನೇ ಸ್ಪಷ್ಟವಾಗುತ್ತದೆ. ಹಿರಿಯರನ್ನು ಬಿಟ್ಟು ಬೆಟ್ಟಕ್ಕೆ ಹೋಗಕೂಡದು. ಬ್ಯಾಟರಿ, ನೀರು, ಗಟ್ಟಿ ಪಾದರಕ್ಷೆ ಜೊತೆಗಿರಲಿ. ಇಬ್ಬನಿಯಿಂದ ಒದ್ದೆಯಾದ ಬಂಡೆ ಜಾರುತ್ತದೆ, ಅಂಚಿಗೆ ಹೋಗಬಾರದು. ಜುನ್ನರ ಸೀಮೆಯ ಕಬ್ಬಿನ ಗದ್ದೆಗಳಲ್ಲಿ ಚಿರತೆಗಳು ವಾಸಿಸುತ್ತವೆ. ಆದ್ದರಿಂದ ಅಲ್ಲಿ ನಸುಕಿನ ಕತ್ತಲಲ್ಲಿ ನಡೆದುಹೋಗುವುದು ಅಪಾಯಕರ. ಅಲ್ಲಿ ಬೆಳಕು ಹರಿದ ಮೇಲೆಯೇ ಹೊರಡಬೇಕು. ಕತ್ತಲಲ್ಲಿ ಹೊರಡುವ ಆಸೆಯನ್ನು ಊರೊಳಗಿನ ಪರ್ವತಿಯಲ್ಲಿ ತೀರಿಸಿಕೊಳ್ಳಬಹುದು. ಕೋಟೆಯ ಗುಹೆಗಳಲ್ಲಿ ಜೇನಿದ್ದರೆ ಗದ್ದಲ, ಹೊಗೆ ಕೂಡದು. ಸೂರ್ಯನನ್ನು ಬರಿಗಣ್ಣಿನಿಂದ ದಿಟ್ಟಿಸಿ ನೋಡಬಾರದು. ತೋಟದೊಳಕ್ಕೆ ಕೇಳದೆ ಕಾಲಿಡಬಾರದು. ಗೊಂಚಲು ಎಷ್ಟು ಚೆಲುವಾಗಿದ್ದರೂ ಕೀಳಬಾರದು. ಅದು ಪರರ ಸ್ವತ್ತು. ಅದರ ಮೇಲೆ ನಿನ್ನೆಯ ಔಷಧವೂ ಇರಬಹುದು.

ಬೆಟ್ಟದ ತುದಿಯಲ್ಲಿ ನಿಂತವನಿಗೆ ಬಹಳ ದೂರ ಕಾಣುತ್ತದೆ. ಆ ನೋಟದಲ್ಲಿ ಆಕಾಶದ ಬಣ್ಣದ ಜೊತೆಗೆ, ನೀರು ಬಿಟ್ಟು ಬರಲು ಹೊರಟ ರೈತನ ಕಂದೀಲೂ ಸೇರಲಿ. ಪೇಟೆಯಲ್ಲಿ ದ್ರಾಕ್ಷಿಯ ಗೊಂಚಲನ್ನು ಕೈಗೆತ್ತಿಕೊಂಡಾಗ, ಅದನ್ನು ಎಷ್ಟು ಮಂಜಿನ ಬೆಳಗುಗಳಿಂದ ಉಳಿಸಿ ತಂದರೆಂಬುದು ನಮ್ಮ ನೆನಪಿಗೆ ಬರಲಿ.